ಸ್ಕ್ರೈಬ್ ಕೇಳೋದು ದಯೆ ಬೇಡೋದಲ್ಲ

ನಾನು ಕುಂದಾಣದವನು. ಬರೆಯುವಾಗ ನನ್ನ ಬಲಗೈ ಬೆರಳುಗಳು ಸೆಟೆದುಕೊಳ್ಳುತ್ತವೆ. ಡಿಗ್ರಿ ಪರೀಕ್ಷೆಗೆ ಸ್ಕ್ರೈಬ್ ಕೇಳಿದಾಗ ಕಾಲೇಜಿನಲ್ಲಿ ಸಿಕ್ಕ ಉತ್ತರ: ‘ನಲವತ್ತು ಪರ್ಸೆಂಟ್ ಸರ್ಟಿಫಿಕೇಟ್ ಇಲ್ವಲ್ಲ, ಆಗಲ್ಲಪ್ಪ.’ ಸುಮ್ಮನೆ ವಾಪಸ್ ಬಂದೆ. ಉತ್ತರ ಗೊತ್ತಿದ್ದ ಪೇಪರೇ ಹೋಯ್ತು.

ಆ ಮಾತು ತಪ್ಪು ಅಂತ ತಿಳಿದದ್ದು ಆಮೇಲೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರಲ್ಲಿ ಶೇ 40ರ ಮಿತಿ ಇರುವುದು ಉನ್ನತ ಶಿಕ್ಷಣದ ಶೇ 5 ಮೀಸಲಾತಿಯಂಥ ಸೌಲಭ್ಯಗಳಿಗೆ. ‘ರೀಸನಬಲ್ ಅಕಾಮಡೇಶನ್’, ಅಂದರೆ ಸಮಂಜಸ ಹೊಂದಾಣಿಕೆ, ಬೇರೆ. ನೆಲಮಹಡಿಯಲ್ಲಿ ತರಗತಿ, ಸ್ಕ್ರೀನ್ ರೀಡರ್ ಓದಬಲ್ಲ ನೋಟ್ಸ್, ಸ್ಕ್ರೈಬ್: ಸಂಸ್ಥೆಗೆ ಅತಿಯಾದ ಹೊರೆಯಾಗದಂತೆ, ಆ ವ್ಯಕ್ತಿಗೆ ಬೇಕಾದ ಬದಲಾವಣೆ. ಅದನ್ನು ನಿರಾಕರಿಸುವುದು ಕಾಯ್ದೆಯ ಪ್ರಕಾರ ತಾರತಮ್ಯ.

ರೈಟರ್ಸ್ ಕ್ರ್ಯಾಂಪ್ ಇದ್ದ ಯುಪಿಎಸ್‌ಸಿ ಅಭ್ಯರ್ಥಿ ವಿಕಾಸ್ ಕುಮಾರ್ ಪ್ರಕರಣದಲ್ಲಿ, 2021ರ ಫೆಬ್ರವರಿಯಲ್ಲಿ, ಸ್ಕ್ರೈಬ್‌ಗೆ ಶೇ 40 ಕಡ್ಡಾಯವಲ್ಲ ಎಂದಿತು ಸುಪ್ರೀಂ ಕೋರ್ಟ್. 2022ರ ಆಗಸ್ಟ್‌ನಲ್ಲಿ ಕೇಂದ್ರದ ಮಾರ್ಗಸೂಚಿಯೂ ಬಂತು: ಬರೆಯಲು ಕಷ್ಟವೆಂದು ಸರ್ಕಾರಿ ವೈದ್ಯಕೀಯ ಪ್ರಾಧಿಕಾರ ಪ್ರಮಾಣೀಕರಿಸಿದರೆ ಸ್ಕ್ರೈಬ್, ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ.

ಹಾಗಾಗಿ ನನ್ನ ಹಾಗೆ ಬರೀ ಬಾಯಲ್ಲಿ ಕೇಳಬೇಡಿ. ಪರೀಕ್ಷೆಗೆ ಮೊದಲೇ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ, ‘ಆಗಲ್ಲ’ ಅಂದರೆ ಅದನ್ನೂ ಬರವಣಿಗೆಯಲ್ಲೇ ಕೇಳಿ. ದಾರಿ ತೋರಿಸಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿದ್ದಾರೆ. ದೂರು ಕೇಳಲು ರಾಜ್ಯ ಅಂಗವಿಕಲರ ಆಯುಕ್ತರಿದ್ದಾರೆ. ಜಿಲ್ಲಾಡಳಿತ ಭವನ ನಮ್ಮ ಹೋಬಳಿಯ ಬೀರಸಂದ್ರದಲ್ಲೇ ಇದೆ. ಕಚೇರಿ ಹತ್ತಿರವಿತ್ತು, ಕೇಳುವ ಹಕ್ಕು ನನಗಿದೆ ಅನ್ನೋದೇ ಗೊತ್ತಿರಲಿಲ್ಲ.