ಕ್ಯಾನ್ವಾಸ್: ಹೆಸರು ಒಂದು ಗಿಡದ್ದು, ಬಟ್ಟೆ ಇನ್ನೊಂದರದ್ದು

ಚಿತ್ರಕಲೆಯ ಮೇಷ್ಟ್ರು ಮರದ ಚೌಕಟ್ಟಿಗೆ ಬಿಗಿದು ಬಣ್ಣ ಹಚ್ಚುವುದು ಕ್ಯಾನ್ವಾಸಿನ ಮೇಲೆ. ಡ್ರಿಲ್ ತರಗತಿಗೆ ಮಕ್ಕಳು ಹಾಕಿಕೊಂಡು ಬರುವ ಬಿಳಿ ಶೂ ಕ್ಯಾನ್ವಾಸಿನದು. ಎನ್‌ಸಿಸಿ ಶಿಬಿರದ ಗುಡಾರವೂ ಅದೇ. ಚುನಾವಣೆ ಬಂತೆಂದರೆ ಅಭ್ಯರ್ಥಿಯ ಕಡೆಯವರು ಮನೆಮನೆಗೆ ಬಂದು 'ಕ್ಯಾನ್ವಾಸ್' ಮಾಡುತ್ತಾರೆ. ನಮ್ಮ ವಿಮರ್ಶಕರಂತೂ ಇಂಥ ಕಾದಂಬರಿಯ 'ಕ್ಯಾನ್ವಾಸ್' ಬಹಳ ವಿಸ್ತಾರವಾದದ್ದು ಎಂದು ಬರೆಯುತ್ತಾರೆ. ಇಷ್ಟೊಂದು ಕೆಲಸಗಳಿಗೆ ಒದಗುವ ಈ ಪದದ ಮೂಲ ಯಾವುದು? ಬಟ್ಟೆಯ ಮೂಲ ಯಾವುದು? ಎರಡೂ ಒಂದೇ ಪ್ರಶ್ನೆಯಂತೆ ಕಾಣುತ್ತವೆ. ಆದರೆ ಉತ್ತರಗಳು ಬೇರೆ ಬೇರೆ.

ತರಗತಿಯಲ್ಲಿ ಕೇಳಿ ನೋಡಿ, ಕ್ಯಾನ್ವಾಸನ್ನು ಯಾವುದರಿಂದ ನೇಯುತ್ತಾರೆ ಎಂದು. 'ಹತ್ತಿಯಿಂದ' ಎಂಬ ಉತ್ತರ ಬರುತ್ತದೆ. ಇಂದು ಅಂಗಡಿಯಲ್ಲಿ ಸಿಗುವ ಕ್ಯಾನ್ವಾಸಿನ ಮಟ್ಟಿಗೆ ಅದು ಬಹುಪಾಲು ಸರಿ. ಆದರೆ ಇಂಗ್ಲಿಷ್ ಹೆಸರಿನ ಒಳಗೆ ಕುಳಿತಿರುವುದು ಹತ್ತಿಯಲ್ಲ, ಗಾಂಜಾ ಗಿಡ. ಲ್ಯಾಟಿನ್ನಿನ ಕ್ಯಾನಬಿಸ್‌ನಿಂದ 'ಆ ಗಿಡದ ನಾರಿನಿಂದ ಆದದ್ದು' ಎಂಬ ಅರ್ಥದ ಪದ ಹುಟ್ಟಿ, ಹಳೆಯ ಫ್ರೆಂಚ್ ಭಾಷೆಯಲ್ಲಿ ಕ್ಯಾನೆವಾಸ್ ಆಗಿ, ಇಂಗ್ಲಿಷಿಗೆ ಬಂದಿತು. ಇನ್ನು ಕನ್ನಡದಲ್ಲಿ ಇದೇ ಬಟ್ಟೆಗಿರುವ ಹಳೆಯ ಹೆಸರು ಕಿತ್ತಾನು. ಇದು ಅರಬ್ಬಿಯ ಕತ್ತಾನ್ ಪದದ ನೆಂಟ. ಕತ್ತಾನ್ ಎಂದರೆ ಅಗಸೆಯ ನಾರು. ಇಂಗ್ಲಿಷ್ ಹೆಸರಿನಲ್ಲಿ ಒಂದು ಗಿಡ, ಕನ್ನಡ ಹೆಸರಿನಲ್ಲಿ ಇನ್ನೊಂದು, ಕೈಯಲ್ಲಿ ಹಿಡಿದ ಬಟ್ಟೆಯಲ್ಲಿ ಮೂರನೆಯದು!

ಇದು ಬರಿಯ ಪದಗಳ ಕುತೂಹಲವಾಗಿದ್ದರೆ ವಿಜ್ಞಾನದ ವಿದ್ಯಾರ್ಥಿಗಳು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಆದರೆ 'ಕ್ಯಾನ್ವಾಸ್ ಎಂದರೆ ಕ್ಯಾನಬಿಸ್, ಆದ್ದರಿಂದ ಹಿಂದಿನ ಹಾಯಿಗಳೆಲ್ಲ, ತೈಲಚಿತ್ರಗಳೆಲ್ಲ ಗಾಂಜಾ ನಾರಿನವೇ' ಎಂಬ ವಾದವನ್ನು ನೀವೂ ಓದಿರಬಹುದು. ಹೆಸರನ್ನು ಸಾಕ್ಷಿಯಾಗಿ ಹಿಡಿದುಕೊಳ್ಳುವ ಈ ಬಗೆಯ ತರ್ಕವನ್ನು ಸ್ವಲ್ಪ ಪರೀಕ್ಷಿಸೋಣ.

ಹೆರೊಡೋಟಸನ ತೊಡಕು

ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕಪ್ಪು ಸಮುದ್ರದ ಉತ್ತರಕ್ಕಿದ್ದ ಸಿಥಿಯನ್ನರ ನಾಡಿನಲ್ಲಿ ಬೆಳೆಯುವ 'ಕನ್ನಬಿಸ್' ಗಿಡವನ್ನು ವರ್ಣಿಸಿದ್ದಾನೆ. ಥ್ರೇಸಿನ ಜನ ಅದರ ನಾರಿನಿಂದ ಬಟ್ಟೆ ನೇಯುತ್ತಾರೆ, ಚೆನ್ನಾಗಿ ಪಳಗಿದವರಲ್ಲದೆ ಬೇರೆಯವರು ಅದನ್ನು ಅಗಸೆ ನಾರಿನ ಬಟ್ಟೆಯಿಂದ ಬೇರೆಯೆಂದು ಗುರುತಿಸಲಾರರು ಎನ್ನುತ್ತಾನೆ. ಇಷ್ಟು ಹಿಂದೆಯೇ ಈ ತೊಡಕು ಇತ್ತು ಎಂಬುದನ್ನು ಗಮನಿಸಿ.

ಇಂಗ್ಲಿಷಿನ ಹೆಂಪ್ ಎಂಬ ಪದವೂ ಇದೇ ಮೂಲದ್ದು. ಕನ್ನಬಿಸ್ ಎಲ್ಲಿ, ಹೆಂಪ್ ಎಲ್ಲಿ ಎನ್ನುವಿರಾ? ಜರ್ಮ್ಯಾನಿಕ್ ಭಾಷೆಗಳಲ್ಲಿ ಹಳೆಯ 'ಕ' ಧ್ವನಿ 'ಹ' ಆಯಿತು, 'ಬ' ಧ್ವನಿ 'ಪ' ಆಯಿತು. ಹಳಗನ್ನಡದ ಪಾಲ್ ಹೊಸಗನ್ನಡದಲ್ಲಿ ಹಾಲು ಆಗಿದ್ದನ್ನು ಬಲ್ಲ ನಮಗೆ ಇದು ಆಶ್ಚರ್ಯವೆನಿಸಬೇಕಿಲ್ಲ. (ಹೆಂಪ್ ಎಂದು ನಾರಿಗಾಗಿ ಬೆಳೆಯುವುದು ಕ್ಯಾನಬಿಸ್ ಸಟೈವಾ ಪ್ರಭೇದದ್ದೇ ಆದರೂ, ಮತ್ತು ತರುವ ಟಿಎಚ್‌ಸಿ ಅಂಶ ತೀರ ಕಡಿಮೆ ಇರುವ ತಳಿಗಳನ್ನು.)

ಗಿಡಗಳ ಹೆಸರಿನಲ್ಲಂತೂ ಗೊಂದಲಕ್ಕೆ ಮಿತಿಯಿಲ್ಲ. ಕನ್ನಡದ 'ಸೆಣಬು' ಒಮ್ಮೆ ಗೋಣಿಚೀಲದ ಜೂಟ್, ಇನ್ನೊಮ್ಮೆ ಹಸಿರೆಲೆ ಗೊಬ್ಬರದ ಕ್ರೊಟಲೇರಿಯ, ಮತ್ತೊಮ್ಮೆ ಹೆಂಪ್. ಇಂಗ್ಲಿಷಿನವರೂ ಕಡಿಮೆಯೇನಿಲ್ಲ, ಹಗ್ಗಕ್ಕೆ ಒದಗುವ ನಾರನ್ನೆಲ್ಲ ಹೆಂಪ್ ಎಂದರು. ಮನಿಲಾ ಹೆಂಪ್ ಬಾಳೆಯ ಜಾತಿಯದು. ಡೆಕ್ಕನ್ ಹೆಂಪ್ ಎಂದರೆ ನಮ್ಮ ಪುಂಡಿ. ಅದರ ಸಸ್ಯಶಾಸ್ತ್ರೀಯ ಹೆಸರು ಹಿಬಿಸ್ಕಸ್ ಕ್ಯಾನಬಿನಸ್. ಅದು ದಾಸವಾಳದ ಬಳಗದ್ದು, ಗಾಂಜಾಕ್ಕೂ ಅದಕ್ಕೂ ನಂಟಿಲ್ಲ. ಈ ಕೊಡುಕೊಳ್ಳುವಿಕೆಯಲ್ಲಿ ನಮ್ಮ ನೆಲದ ಪದವೂ ಅತ್ತ ಹೋಗಿದೆ: ಇಂಗ್ಲಿಷಿನ ಗನ್ನಿ ನಮ್ಮ ಗೋಣಿಯೇ.

ಹಗ್ಗ ಹೆಂಪಿನದು, ಹಾಯಿ ಅಗಸೆಯದು

ಈಗ ಬಟ್ಟೆಗೆ ಬರೋಣ. ಕ್ಯಾನ್ವಾಸ್ ಎಂಬುದು ನಾರಿನ ಹೆಸರಲ್ಲ, ನೇಯ್ಗೆಯ ಬಗೆ. ದಪ್ಪನೆಯ, ಗಟ್ಟಿ ಹುರಿಯ ನೂಲನ್ನು ಸಾಮಾನ್ಯವಾಗಿ ಸಾದಾ ನೇಯ್ಗೆಯಲ್ಲಿ, ಅಂದರೆ ಹೊಕ್ಕಿನ ಎಳೆ ಹಾಸಿನ ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ ಹಾಯುವಂತೆ, ಒತ್ತಾಗಿ ನೇಯ್ದರೆ ಅದು ಕ್ಯಾನ್ವಾಸ್. ಯಾವ ನಾರು ಎಂಬುದನ್ನು ನಿರ್ಧರಿಸುತ್ತಿದ್ದುದು ಆಯಾ ನಾಡಿನ ಬೆಳೆ, ಬೆಲೆ ಮತ್ತು ಕೆಲಸದ ಅಗತ್ಯ.

ಬ್ರಿಟಿಷ್ ನೌಕಾಪಡೆಯ 'ವಿಕ್ಟರಿ' ಹಡಗು ಇದಕ್ಕೆ ಒಳ್ಳೆಯ ಉದಾಹರಣೆ. 1765ರಲ್ಲಿ ನೀರಿಗಿಳಿದ ಈ ಹಡಗಿಗೆ 37 ಹಾಯಿಗಳು. ಎಲ್ಲವನ್ನೂ ಬಿಚ್ಚಿ ಹರಡಿದರೆ ಸುಮಾರು 5,400 ಚದರ ಮೀಟರ್, ಒಂದು ಎಕರೆಗೂ ಹೆಚ್ಚು. 1805ರ ಟ್ರಫಾಲ್ಗರ್ ಕದನದಲ್ಲಿ ಅದು ಕಟ್ಟಿದ್ದ ಒಂದು ದೊಡ್ಡ ಹಾಯಿ, ಸುಮಾರು 90 ತೂತುಗಳೊಂದಿಗೆ, ಇಂದಿಗೂ ಪೋರ್ಟ್ಸ್‌ಮತ್‌ನಲ್ಲಿ ರಕ್ಷಿತವಾಗಿದೆ. ಸ್ಕಾಟ್ಲೆಂಡಿನ ಡಂಡೀ ಕಡೆಯ ಮಗ್ಗಗಳಲ್ಲಿ ನೇಯ್ದ ಆ ಕ್ಯಾನ್ವಾಸ್ ಅಗಸೆ ನಾರಿನದು. ಹೆಂಪ್ ಅದೇ ಹಡಗಿನಲ್ಲಿ ಇತ್ತು, ಹಗ್ಗಗಳಲ್ಲಿ. ಹೆಸರಿನ ಪ್ರಕಾರ ಹೆಂಪಿನದಾಗಬೇಕಿದ್ದ ಬಟ್ಟೆ ಅಗಸೆಯದಾಗಿತ್ತು!

ಇತ್ತ ನಮ್ಮ ಉತ್ತರ ಕರ್ನಾಟಕದಲ್ಲಿ ಅಗಸಿಯನ್ನು ಹಿಂಡಿ ಮಾಡಿ ರೊಟ್ಟಿಯ ಜೊತೆ ತಿನ್ನುತ್ತೇವೆ. ಅದರಿಂದ ಬಟ್ಟೆ ಆಗುತ್ತದೆಂದು ಹೇಳಿದರೆ ನಂಬದವರೂ ಉಂಟು. ನಾವು ಬೆಳೆಯುವುದು ಕಾಳಿಗಾಗಿ, ಗಿಡ್ಡಗೆ ಕವಲೊಡೆಯುವ ತಳಿಗಳನ್ನು. ನಾರಿಗೆ ಬೇಕಾದದ್ದು ಕವಲಿಲ್ಲದೆ ಎತ್ತರ ಬೆಳೆಯುವ ತಳಿ. ಅಗಸೆ, ಹೆಂಪ್, ಜೂಟ್, ಪುಂಡಿ ಎಲ್ಲದರಲ್ಲೂ ನಾರು ಇರುವುದು ಕಾಂಡದ ತೊಗಟೆಯಲ್ಲಿ. ಕಾಂಡಗಳನ್ನು ನೀರಿನಲ್ಲಿ ಕೊಳೆಹಾಕಿದಾಗ ಸೂಕ್ಷ್ಮಜೀವಿಗಳು ನಾರಿನ ಕಟ್ಟುಗಳನ್ನು ಹಿಡಿದಿರುವ ಪೆಕ್ಟಿನನ್ನು ಕರಗಿಸುತ್ತವೆ, ನಾರು ಬಿಡಿಸಿಕೊಂಡು ಬರುತ್ತದೆ. ಹತ್ತಿ ಮಾತ್ರ ಈ ಬಳಗಕ್ಕೆ ಸೇರದು. ಅದು ಬೀಜದ ಮೇಲಿನ ಕೂದಲು.

ಹಾಗಾದರೆ ಹೆರೊಡೋಟಸನ ತೊಡಕನ್ನು ಬಿಡಿಸುವುದು ಹೇಗೆ? ಸೂಕ್ಷ್ಮದರ್ಶಕದಲ್ಲಿ ಹತ್ತಿಯನ್ನು ಗುರುತಿಸುವುದು ಸುಲಭ: ತಿರುಚಿದ ಪಟ್ಟಿಯಂತೆ ಕಾಣುತ್ತದೆ. ಅಗಸೆ ಮತ್ತು ಹೆಂಪ್ ಎರಡರಲ್ಲೂ ಬಿದಿರಿನ ಗಿಣ್ಣಿನಂಥ ಗುರುತುಗಳಿದ್ದು ಅನುಭವಿಗಳೂ ತಡವರಿಸುತ್ತಾರೆ. ಇಲ್ಲಿ ಒಂದು ಸರಳ ಪರೀಕ್ಷೆ ನೆರವಿಗೆ ಬರುತ್ತದೆ. ಒಂದೇ ಒಂದು ನಾರನ್ನು ಬಿಡಿಸಿ ನೀರಿನಲ್ಲಿ ನೆನೆಸಿ. ಚಿಮಟದಲ್ಲಿ ಒಂದು ತುದಿಯನ್ನು ಹಿಡಿದು, ಬಿಡಿಯಾದ ತುದಿ ನಿಮ್ಮ ಕಡೆ ಇರುವಂತೆ ಬೆಚ್ಚಗಿನ ಗಾಳಿಯಲ್ಲಿ ಒಣಗಿಸಿ. ಒಣಗುತ್ತಾ ಅಗಸೆ ನಾರಿನ ತುದಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಹೆಂಪಿನದು ಅದಕ್ಕೆ ವಿರುದ್ಧವಾಗಿ. ಜೀವಕೋಶದ ಭಿತ್ತಿಯಲ್ಲಿ ಸೆಲ್ಯುಲೋಸ್ ಎಳೆಗಳು ಸುರುಳಿಯಾಗಿ ಸುತ್ತಿಕೊಂಡಿರುವ ದಿಕ್ಕು ಈ ಎರಡು ಗಿಡಗಳಲ್ಲಿ ಬೇರೆಯಾಗಿರುವುದೇ ಇದಕ್ಕೆ ಕಾರಣ. ಜೂಟ್ ಕೂಡ ಹೆಂಪಿನಂತೆಯೇ ತಿರುಗುವುದರಿಂದ ಆ ಎರಡನ್ನು ಬೇರ್ಪಡಿಸಲು ಈ ಪರೀಕ್ಷೆ ಸಾಲದು. ಹತ್ತಿಯ ತಿರುಚು ಅಲ್ಲಲ್ಲಿ ದಿಕ್ಕು ಬದಲಿಸುವುದರಿಂದ ಅದು ಯಾವ ದಿಕ್ಕನ್ನೂ ಖಚಿತವಾಗಿ ತೋರದು. ಗೋಣಿಚೀಲದ ಎಳೆಯೊಂದನ್ನು ತೆಗೆದುಕೊಂಡು ಪ್ರಯೋಗಶಾಲೆಯಲ್ಲಿ ಮಾಡಿ ನೋಡಬಹುದು.

ನೀರು ಕುಡಿದ ಬಟ್ಟೆ

ಗಾಳಿ ಕಡಿಮೆಯಾದಾಗ ನಾವಿಕರು ಹಾಯಿಗಳ ಮೇಲೆ ನೀರೆರಚುತ್ತಿದ್ದರು. ಸೆಲ್ಯುಲೋಸಿನ ಹೈಡ್ರಾಕ್ಸಿಲ್ ಗುಂಪುಗಳು ನೀರನ್ನು ಹಿಡಿದುಕೊಳ್ಳುತ್ತವೆ. ನಾರು ಅಡ್ಡಗಲದಲ್ಲಿ ಉಬ್ಬುತ್ತದೆ, ಉದ್ದದಲ್ಲಿ ಹೆಚ್ಚೇನೂ ಬದಲಾಗದು. ಎಳೆಗಳು ದಪ್ಪವಾದಾಗ ನಡುವಿನ ಸಂದುಗಳು ಮುಚ್ಚಿ ಗಾಳಿ ಸೋರುವುದು ಕಡಿಮೆಯಾಗುತ್ತದೆ. ಒದ್ದೆಯಾದರೆ ಅಗಸೆ ಮತ್ತು ಹತ್ತಿಯ ನಾರುಗಳ ಬಲ ತಗ್ಗುವುದಿಲ್ಲ, ಹೆಚ್ಚುತ್ತದೆ ಎಂಬುದು ಇನ್ನೊಂದು ಅನುಕೂಲ.

ಜೀಪು, ಲಾರಿಗಳ ಮುಂದೆ ತೂಗುಹಾಕುತ್ತಿದ್ದ ಕ್ಯಾನ್ವಾಸಿನ ನೀರಿನ ಚೀಲವನ್ನು ಹಿರಿಯರು ನೋಡಿರುತ್ತಾರೆ. ಹೊಸದಾಗಿ ನೀರು ತುಂಬಿದಾಗ ಅದು ಸೋರುತ್ತದೆ, ನಾರು ಉಬ್ಬಿದ ಮೇಲೆ ಬರಿಯ ಜಿನುಗು. ಆ ಜಿನುಗು ಆವಿಯಾಗಿ ಒಳಗಿನ ನೀರನ್ನು ತಣಿಸುತ್ತದೆ. ಎಷ್ಟು? 10 ಲೀಟರ್ ನೀರಿನಲ್ಲಿ 200 ಗ್ರಾಂ ಆವಿಯಾಯಿತು ಎನ್ನೋಣ. ಗ್ರಾಂಗೆ ಸುಮಾರು 2,400 ಜೂಲ್‌ನಂತೆ 4,80,000 ಜೂಲ್ ಉಷ್ಣ ಹೊರಹೋಗುತ್ತದೆ. ಉಳಿದ 9.8 ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ತಣಿಸಲು ಸುಮಾರು 41,000 ಜೂಲ್ ತೆಗೆಯಬೇಕು. ಹೊರಗಿನಿಂದ ಉಷ್ಣ ಒಳಬಾರದಿದ್ದರೆ ಹತ್ತಿರಹತ್ತಿರ 12 ಡಿಗ್ರಿ ತಂಪು! ವಾಸ್ತವದಲ್ಲಿ ಇಷ್ಟಾಗುವುದಿಲ್ಲ, ಗಾಳಿಯ ತೇವದ ಮಿತಿಯೂ ಇದೆ. ಕಲಬುರಗಿಯ ಬೇಸಿಗೆಯಲ್ಲಿ ಚೆನ್ನಾಗಿ ನಡೆಯುವ ಈ ಉಪಾಯ ಮಂಗಳೂರಿನಲ್ಲಿ ಅಷ್ಟಕ್ಕಷ್ಟೆ.

ಹತ್ತಿ ಬಂದದ್ದು

ಭಾರತದ ಒರಟು ಹತ್ತಿ ಬಟ್ಟೆ ಡಂಗ್ರಿ ಹಾಯಿಗೂ ಗುಡಾರಕ್ಕೂ ಬಳಕೆಯಾಗುತ್ತಿತ್ತು. ಇಂಗ್ಲಿಷಿನ ಡಂಗರೀಸ್ ಅದರಿಂದ ಬಂದದ್ದು. ಆದರೆ ಪಶ್ಚಿಮದಲ್ಲಿ ಹತ್ತಿಯ ಹಾಯಿಗೆ ಹೆಸರು ತಂದದ್ದು 1851ರ ಆಗಸ್ಟ್ 22ರ ಪಂದ್ಯ. ಇಂಗ್ಲೆಂಡಿನ ವೈಟ್ ದ್ವೀಪವನ್ನು ಸುತ್ತುವ ಆ ಸ್ಪರ್ಧೆಯಲ್ಲಿ 'ಅಮೆರಿಕ' ಎಂಬ ಹಾಯಿನೌಕೆ ಯಂತ್ರದಲ್ಲಿ ನೇಯ್ದ ಹತ್ತಿ ಕ್ಯಾನ್ವಾಸಿನ ಚಪ್ಪಟೆ ಹಾಯಿಗಳನ್ನು ಕಟ್ಟಿ ಬಂದಿತ್ತು. ಅಗಸೆ ಕ್ಯಾನ್ವಾಸಿನ ಜೋಲು ಹಾಯಿಗಳ ಬ್ರಿಟಿಷ್ ನೌಕೆಗಳು ಸೋತವು. ಒಡಲಿನ ಆಕಾರದ ಪಾಲೂ ಆ ಗೆಲುವಿನಲ್ಲಿತ್ತು, ಎಲ್ಲವನ್ನೂ ಬಟ್ಟೆಯ ಖಾತೆಗೆ ಬರೆಯುವುದು ಸರಿಯಲ್ಲ.

ಈ ಹತ್ತಿ ಕ್ಯಾನ್ವಾಸಿಗೆ 'ಡಕ್' ಎಂಬ ಹೆಸರೂ ಇದೆ. ಬಾತುಕೋಳಿಗೂ ಅದಕ್ಕೂ ಸಂಬಂಧವಿಲ್ಲ; ಡಚ್ ಭಾಷೆಯ ಡೂಕ್, ಅಂದರೆ ಬಟ್ಟೆ. ಅದರ ನಂಬರುಗಳು ವಿಚಿತ್ರ. 36 ಇಂಚು ಉದ್ದ, 22 ಇಂಚು ಅಗಲದ ತುಂಡಿನ ತೂಕವನ್ನು ಔನ್ಸಿನಲ್ಲಿ ತೆಗೆದು 19ರಿಂದ ಕಳೆಯಬೇಕು. 10ನೆಯ ನಂಬರಿನ ಡಕ್ ಎಂದರೆ ಆ ತುಂಡು 9 ಔನ್ಸ್. ಚದರ ಮೀಟರಿಗೆ ಸುಮಾರು 500 ಗ್ರಾಂ. ನಂಬರು ಇಳಿದಷ್ಟೂ ಬಟ್ಟೆ ದಪ್ಪ.

ಚುನಾವಣೆಯ ಕ್ಯಾನ್ವಾಸಿನ ಮಾತು ಉಳಿಯಿತು. 16ನೆಯ ಶತಮಾನದ ಇಂಗ್ಲಿಷಿನಲ್ಲಿ ಅದಕ್ಕೆ, ಒಬ್ಬನನ್ನು ಕ್ಯಾನ್ವಾಸಿನಲ್ಲಿ ಹಾಕಿ ಮೇಲಕ್ಕೆಸೆದು ಗೋಳುಹೊಯ್ದುಕೊಳ್ಳುವುದು ಎಂದು ಅರ್ಥ. ಅದು ವಿಷಯವನ್ನು ಅಲುಗಾಡಿಸಿ ಚರ್ಚಿಸುವುದು ಎಂದಾಗಿ, ಕೊನೆಗೆ ಮತ ಯಾಚಿಸುವುದು ಎಂದಾಯಿತು. ಎಸೆತಕ್ಕೆ ಸಿಕ್ಕುವವರು ಈಗ ಮತದಾರರೋ ಅಭ್ಯರ್ಥಿಯೋ, ನೀವೇ ಹೇಳಬೇಕು.

ಚಿತ್ರದ ಹಿಂಬದಿ

ಯೂರೋಪಿನ ಚಿತ್ರಕಾರರು ಮೊದಲು ಮರದ ಹಲಗೆಯ ಮೇಲೆ, ಗೋಡೆಯ ಗಾರೆಯ ಮೇಲೆ ಬರೆಯುತ್ತಿದ್ದರು. ವೆನಿಸ್ ನಗರದ ಉಪ್ಪುನೀರಿನ ತೇವಕ್ಕೆ ಗೋಡೆಚಿತ್ರ ಬಾಳುತ್ತಿರಲಿಲ್ಲ. ಹಾಯಿಬಟ್ಟೆಗೆ ಮಾತ್ರ ಅಲ್ಲಿ ಕೊರತೆಯಿರಲಿಲ್ಲ. ಆ ನಗರದ ಹಡಗುಕಟ್ಟೆಯಲ್ಲಿ ಹಗ್ಗ ಹೊಸೆಯುವ ಕಟ್ಟಡವೇ ಸುಮಾರು 316 ಮೀಟರ್ ಉದ್ದ. ಅದಕ್ಕೆ ತಾನಾ ಎಂಬ ಹೆಸರು ಬಂದದ್ದು ಹೆಂಪ್ ಬರುತ್ತಿದ್ದ ಡಾನ್ ನದೀಮುಖದ ಬಂದರಿನಿಂದ, ಅಂದರೆ ಹೆರೊಡೋಟಸ್ ಹೇಳಿದ ಸಿಥಿಯನ್ನರ ಸೀಮೆಯಿಂದ! 1563ರಲ್ಲಿ ವೆರೊನೀಸ್ ಮುಗಿಸಿದ 'ಕಾನಾದ ಮದುವೆ' ಚಿತ್ರ 6.77 ಮೀಟರ್ ಎತ್ತರ, 9.94 ಮೀಟರ್ ಅಗಲ. 1797ರಲ್ಲಿ ನೆಪೋಲಿಯನ್ನನ ಸೈನ್ಯ ಅದನ್ನು ತುಂಡು ಮಾಡಿ, ಸುರುಳಿ ಸುತ್ತಿ ಪ್ಯಾರಿಸಿಗೆ ಸಾಗಿಸಿತು. ಹಲಗೆಯ ಚಿತ್ರವಾಗಿದ್ದರೆ ಅದು ಬಹುಶಃ ಇದ್ದಲ್ಲೇ ಉಳಿಯುತ್ತಿತ್ತು.

ವೆನಿಸಿನ ಚಿತ್ರಗಳ ಎಳೆಗಳನ್ನು ಪರೀಕ್ಷಿಸಿದಾಗ ಅಗಸೆಯೂ ಸಿಕ್ಕಿದೆ, ಹೆಂಪೂ ಸಿಕ್ಕಿದೆ. ಸಾದಾ ನೇಯ್ಗೆಯಲ್ಲದ, ಓರೆಗೆರೆಯ ನೇಯ್ಗೆಯ ಬಟ್ಟೆಗಳೂ ಇವೆ.

ಇಲ್ಲೊಂದು ವಿಪರ್ಯಾಸ ಗಮನಿಸಿ. ತೈಲವರ್ಣದ ತೈಲ ಸಾಮಾನ್ಯವಾಗಿ ಅಗಸೆ ಎಣ್ಣೆ. ಅದು ಆಕ್ಸಿಜನ್ ಹೀರಿ ಗಟ್ಟಿಯಾಗುವಾಗ ಆಮ್ಲಗಳು ಹುಟ್ಟುತ್ತವೆ. ಅವು ಸೆಲ್ಯುಲೋಸಿನ ಉದ್ದನೆಯ ಸರಪಳಿಗಳನ್ನು ಕತ್ತರಿಸುತ್ತವೆ. ಅಗಸೆಯ ಬೀಜ ಅಗಸೆಯ ನಾರನ್ನು ತಿನ್ನುತ್ತದೆ! ಇದನ್ನು ತಡೆಯಲು ಬಟ್ಟೆಗೆ ಮೊದಲು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟನ್ನು ಬಳಿಯುತ್ತಿದ್ದರು. ಆದರೆ ಆ ಅಂಟು ತೇವಕ್ಕೆ ಉಬ್ಬಿ ಸಡಿಲವಾಗುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಶೇ. 80 ದಾಟಿದರೆ ಎಳೆಗಳು ದಪ್ಪವಾಗಿ, ಒಂದನ್ನೊಂದು ಸುತ್ತಿ ಹೋಗಲು ಹೆಚ್ಚು ಉದ್ದ ಬೇಕಾಗಿ, ಬಟ್ಟೆಯೇ ಕುಗ್ಗುತ್ತದೆ. ಕುಗ್ಗಲಾರದ ಬಣ್ಣದ ಪದರ ಬಿರಿದು ಮೇಲೇಳುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ ರವಿವರ್ಮನ ತೈಲಚಿತ್ರಗಳಂಥವನ್ನು ಕಾಪಾಡುವವರು ಮಳೆಗಾಲಕ್ಕೆ ಅಂಜುವುದು ಇದಕ್ಕೇ.

ಪಾಲಿಯೆಸ್ಟರ್ ನೀರು ಕುಡಿಯುವುದಿಲ್ಲ. 1950ರ ದಶಕದಿಂದ ಹಾಯಿಗಳು ಅದಕ್ಕೆ ಬದಲಾದವು, ಚಿತ್ರಕಾರರಿಗೂ ಪಾಲಿಯೆಸ್ಟರ್ ಕ್ಯಾನ್ವಾಸ್ ಸಿಗುತ್ತದೆ. 2004ರಲ್ಲಿ ಆ್ಯಪಲ್ ಕಂಪನಿ ವೆಬ್ ಪುಟದಲ್ಲಿ ಚಿತ್ರ ಬರೆಯುವ ಜಾಗಕ್ಕೂ ಕ್ಯಾನ್ವಾಸ್ ಎಂದೇ ಹೆಸರಿಟ್ಟಿತು. ಅಲ್ಲಿ ನಾರೂ ಇಲ್ಲ, ನೂಲೂ ಇಲ್ಲ.

ಮುಂದೆ ಚಿತ್ರಶಾಲೆಗೆ ಹೋದಾಗ 'ಕ್ಯಾನ್ವಾಸಿನ ಮೇಲೆ ತೈಲವರ್ಣ' ಎಂಬ ಚೀಟಿಯನ್ನು ಓದಿ. ತೈಲ ಯಾವುದು, ಕ್ಯಾನ್ವಾಸ್ ಯಾವುದರದು ಎಂಬುದು ಅದರಲ್ಲಿ ಇರುವುದಿಲ್ಲ. ಹಳೆಯ ಚಿತ್ರಗಳಿಗೆ ಹಿಂದಿನಿಂದ ಹೊಸ ಬಟ್ಟೆ ಅಂಟಿಸಿ ಬಲಪಡಿಸುವ ರೂಢಿ ಇದ್ದುದರಿಂದ, ಹಿಂಬದಿಯಲ್ಲಿ ಕಣ್ಣಿಗೆ ಬೀಳುವ ನೇಯ್ಗೆ ಎಷ್ಟೋ ಸಲ ಚಿತ್ರಕಾರ ಕಂಡ ಬಟ್ಟೆಯೇ ಆಗಿರುವುದಿಲ್ಲ. ಚೌಕಟ್ಟಿನ ಅಂಚಿನಲ್ಲಿ ಮಡಿಚಿದ ಭಾಗದಿಂದ ಒಂದು ಸಣ್ಣ ಎಳೆ ಸಿಕ್ಕರೆ, ಸಂರಕ್ಷಣಾ ತಜ್ಞರು ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅಲ್ಲಿಂದ ಕೆಲಸ ಶುರುಮಾಡುತ್ತಾರೆ.