ಹರಿಗೋಲು: ಕೈಯಲ್ಲೇ ಉಳಿದ ವಿದ್ಯೆ

ಯಾದಗಿರಿ, ಶಹಾಪುರ, ಸುರಪುರ - ಈ ಮೂರು ಊರುಗಳ ಸೀಮೆಯನ್ನು ಎರಡು ನದಿಗಳು ಬಳಸಿಕೊಂಡು ಹರಿಯುತ್ತವೆ. ಯಾದಗಿರಿಯ ಮಗ್ಗುಲಲ್ಲಿ ಭೀಮೆ. ಸುರಪುರ, ಶಹಾಪುರಗಳ ದಕ್ಷಿಣದ ಅಂಚಿಗೆ ಕೃಷ್ಣೆ. ಎರಡರ ನಡುವೆ ಚಾಚಿಕೊಂಡ ನೆಲ ಪೂರ್ವಕ್ಕೆ ಹೋದಂತೆ ಕಿರಿದಾಗಿ, ಸಂಗಮದ ಬಳಿ ಮೊನಚಾಗುತ್ತದೆ. ಇಲ್ಲಿ ಆಚೆ ದಡದ ಸಂತೆಗೆ, ಜಾತ್ರೆಗೆ, ಹೆಣ್ಣು ಕೊಟ್ಟ ಊರಿಗೆ ಹೋಗಬೇಕೆಂದರೆ ಮಳೆಗಾಲದಲ್ಲಿ ತಲೆಮಾರುಗಳ ಕಾಲ ಜನ ನಂಬಿದ್ದು ಒಂದನ್ನೇ. ಅದು ಹರಿಗೋಲು.

ಹರಿಗೋಲಿಗೆ ಮೊಳೆ ಇಲ್ಲ, ಹಲಗೆ ಇಲ್ಲ. ಮುಂದು ಯಾವುದು, ಹಿಂದು ಯಾವುದು ಎಂಬ ಭೇದವೂ ಇಲ್ಲ. ಬಿದಿರಿನ ದೊಡ್ಡ ಬುಟ್ಟಿಗೆ ತೊಗಲು ಹೊದಿಸಿದರೆ ಅದೇ ದೋಣಿ. ನೋಡಲು ಇಷ್ಟು ಸರಳವಾದ ಈ ವಸ್ತು ರಾಜರ ದಂಡುಗಳನ್ನು ಹೊಳೆ ದಾಟಿಸಿದೆ. ವಿದೇಶಿ ಪ್ರವಾಸಿಗರನ್ನು ಬೆರಗುಗೊಳಿಸಿದೆ. ಆದರೆ ಅದನ್ನು ಕಟ್ಟುವ ವಿದ್ಯೆ ಕಲಿತದ್ದು ಕಣ್ಣಿನಿಂದ, ಉಳಿದದ್ದು ಕೈಯಲ್ಲಿ. ಕಟ್ಟುವ ಕೈಗಳು ಕಡಿಮೆಯಾದಂತೆ ಆ ವಿದ್ಯೆಯೂ ಕಡಿಮೆಯಾಗುತ್ತದೆ.

ಹೊಳೆಗೆ ತಕ್ಕ ದೋಣಿ

ಸಮುದ್ರದ ಹಡಗು ಕಟ್ಟುವವರು ಮೊದಲು ಅಡಿಮರ ಇಡುತ್ತಾರೆ. ಮನುಷ್ಯನ ಬೆನ್ನೆಲುಬಿನಂತಿರುವ ಆ ಮರವೇ ಹಡಗಿಗೆ ದಿಕ್ಕು ಹಿಡಿದು ಸಾಗುವ ಶಕ್ತಿ ಕೊಡುತ್ತದೆ. ಹರಿಗೋಲಿಗೆ ಅಂಥ ಬೆನ್ನೆಲುಬಿಲ್ಲ. ಆದ್ದರಿಂದಲೇ ಅದು ನೀರಿನ ಮೇಲೆ ಗಿರಗಿರನೆ ತಿರುಗುತ್ತದೆ. ಹುಟ್ಟು ಹಾಕುವ ಅಂಬಿಗ ತಾನು ಹೋಗಬೇಕಾದ ಕಡೆಗೆ ಮುಖಮಾಡಿ, ಮುಂದಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತ ದೋಣಿಯನ್ನು ಸಾಗಿಸುತ್ತಾನೆ. ಸೆಳೆತಕ್ಕೆ ಎದುರು ಹೋಗುವುದಿಲ್ಲ. ಮೇಲಿನಿಂದ ಹೊರಟು, ಓರೆಯಾಗಿ ತೇಲುತ್ತ ಕೆಳಗಿನ ಕಡವನ್ನು ಸೇರುತ್ತಾನೆ.

ಇದು ಕೊರತೆಯಂತೆ ಕಂಡರೂ ಈ ಹೊಳೆಗಳಿಗೆ ಇದೇ ಸರಿ. ಕೃಷ್ಣೆ ಇಲ್ಲಿ ಬಂಡೆಗಳ ನಡುವೆ ಹರಿಯುತ್ತಾಳೆ. ನಾರಾಯಣಪುರದ ಬಳಿಯ ಛಾಯಾ ಭಗವತಿಯಲ್ಲಾಗಲಿ, ಮೌನೇಶ್ವರ ಕ್ಷೇತ್ರವಾದ ತಿಂಥಣಿಯಲ್ಲಾಗಲಿ ಹೊಳೆಯನ್ನು ನೋಡಿದವರಿಗೆ ಇದು ಗೊತ್ತು. ಇಂಥಲ್ಲಿ ಆಳವಾಗಿ ಮುಳುಗುವ ದೋಣಿ ಬಂಡೆಗೆ ಬಡಿದು ಒಡೆಯುತ್ತದೆ. ಹರಿಗೋಲು ಹೆಚ್ಚು ಮುಳುಗುವುದೇ ಇಲ್ಲ. ಲೆಕ್ಕ ಸುಲಭ: ಹತ್ತು ಅಡಿ ಅಗಲದ, ಚಪ್ಪಟೆ ತಳದ ಹರಿಗೋಲು ಒಂದು ಅಂಗುಲ ಮುಳುಗಿದರೆ ಸುಮಾರು 185 ಕಿಲೊ ಭಾರ ಹೊರುತ್ತದೆ. ತಲಾ 60 ಕಿಲೊ ತೂಕದ ಹದಿನೈದು ಮಂದಿ ಹತ್ತಿದರೂ ಅವರ ಭಾರಕ್ಕೆ ಅದು ಇಳಿಯುವುದು ಐದು ಅಂಗುಲದಷ್ಟು ಮಾತ್ರ. ಬಂಡೆಗೆ ತಾಗಿದರೆ ಬಿದಿರು ಬಾಗುತ್ತದೆ, ಮುರಿಯುವುದಿಲ್ಲ. ದಡ ಸೇರಿದ ಮೇಲೆ ಚಿಕ್ಕ ಹರಿಗೋಲಾದರೆ ಒಬ್ಬನೇ ಬೆನ್ನ ಮೇಲೆ ಹೊತ್ತು ಒಯ್ಯಬಹುದು. ಬೋರಲು ಹಾಕಿದರೆ ಮಳೆಗೆ ನೆರಳೂ ಆಯಿತು.

ದಂಡು ದಾಟಿಸಿದ ಬುಟ್ಟಿ

ಹರಿಗೋಲಿನ ಹೆಸರು ಇತಿಹಾಸದಲ್ಲಿ ಮೇಲೆದ್ದು ಕಾಣುವುದು ಯುದ್ಧದ ಪ್ರಸಂಗಗಳಲ್ಲಿ. ಕೃಷ್ಣಾ-ತುಂಗಭದ್ರೆಗಳ ನಡುವಣ ರಾಯಚೂರು ದೋಆಬಿಗಾಗಿ ಬಹಮನಿ ಸುಲ್ತಾನರಿಗೂ ವಿಜಯನಗರಕ್ಕೂ ನಡೆದ ಕಾಳಗಗಳಿಗೆ ಲೆಕ್ಕವಿಲ್ಲ. 1398ರಲ್ಲಿ ವಿಜಯನಗರದ ಸೈನ್ಯ ಕೃಷ್ಣೆಯ ತೆಂಕಣ ದಡದಲ್ಲಿ ಬೀಡುಬಿಟ್ಟಿತ್ತು. ಹೊಳೆ ತುಂಬಿತ್ತು. ಬಡಗಣ ದಡದಲ್ಲಿದ್ದವನು ಫಿರೋಜ್ ಷಾ ಬಹಮನಿ. ಅವನ ಕಡೆಯ ಕೆಲವರು ವೇಷ ಮರೆಸಿಕೊಂಡು ಎದುರಾಳಿಯ ಬೀಡಿನೊಳಗೆ ನುಗ್ಗಿ ಗೊಂದಲ ಎಬ್ಬಿಸಿದರು. ಅದೇ ಹೊತ್ತಿಗೆ ಸುಲ್ತಾನನ ಪಡೆ ತೊಗಲು ಹೊದಿಸಿದ ಬುಟ್ಟಿಗಳಲ್ಲಿ ಹೊಳೆ ದಾಟಿತು. ಬಿಜಾಪುರದ ಆಸ್ಥಾನದಲ್ಲಿದ್ದು ಹದಿನೇಳನೆಯ ಶತಮಾನದ ಆರಂಭದಲ್ಲಿ ಇತಿಹಾಸ ಬರೆದ ಫೆರಿಸ್ತಾ ಈ ಪ್ರಸಂಗವನ್ನು ದಾಖಲಿಸಿದ್ದಾನೆ.

ಕೃಷ್ಣದೇವರಾಯನ ಕಾಲದಲ್ಲಿ, ಅಂದರೆ 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪೇಸ್ ಕೂಡ ಈ ಬುಟ್ಟಿ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಬೇಕಾದರೆ ಎತ್ತು ಕುದುರೆಗಳನ್ನೂ ದಾಟಿಸುತ್ತವೆ. ನೆಟ್ಟಗೆ ಹೋಗಲಾರದೆ ಸದಾ ತಿರುಗುತ್ತಲೇ ಇರುತ್ತವೆ ಎಂಬುದು ಅವನ ವರ್ಣನೆಯ ಸಾರ. ಈ ರಾಜ್ಯದ ಹೊಳೆಗಳಲ್ಲಿ ಬೇರೆ ಬಗೆಯ ದೋಣಿಯೇ ಇಲ್ಲ ಎಂದೂ ಅವನು ಹೇಳುತ್ತಾನೆ.

ಮುಂದೆ ವಾಟರ್‌ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ 1803ರಲ್ಲಿ ಮರಾಠರ ವಿರುದ್ಧ ದಂಡೆತ್ತಿ ಹೊರಟಾಗ ಬುಟ್ಟಿ ದೋಣಿಗಳನ್ನು ಕಟ್ಟಿಸಿದ. ಹೊಳೆಗಳು ತುಂಬಿದ ಮಳೆಗಾಲವೇ ತನಗೆ ಅನುಕೂಲ ಎಂಬುದು ಅವನ ಲೆಕ್ಕಾಚಾರ. ದಾಟುವ ಸಾಧನ ತನ್ನ ಬಳಿ ಸಿದ್ಧವಿದ್ದು, ಎದುರಾಳಿಯ ಕುದುರೆ ದಂಡಿನ ಬಳಿ ಇಲ್ಲದಿದ್ದರೆ ತುಂಬಿದ ಹೊಳೆಯೇ ಕೋಟೆಯಾಗುತ್ತದೆ. ಆದ್ದರಿಂದ ದೋಣಿ ಹೇಗಿರಬೇಕು ಎಂಬ ವಿವರಗಳನ್ನು ಅವನು ಬರಹದಲ್ಲೇ ಕೊಟ್ಟಿದ್ದ. 1812ರಲ್ಲಿ ಬ್ರಿಟಿಷ್ ಸೈನ್ಯದ ಒಂದು ತುಕಡಿ ಭಾರಿ ಫಿರಂಗಿಗಳನ್ನು ಗಾಲಿಗಳಿಂದ ಇಳಿಸದೆಯೇ ಇಂಥ ಬುಟ್ಟಿಗಳಲ್ಲಿ ತುಂಗಭದ್ರೆಯನ್ನು ದಾಟಿಸಿತು. ಫೆರಿಸ್ತಾನನ್ನು ಇಂಗ್ಲಿಷಿಗೆ ತಂದ ಬ್ರಿಗ್ಸ್ ಈ ಸಂಗತಿಯನ್ನು ಅಡಿಟಿಪ್ಪಣಿಯಲ್ಲಿ ನೆನೆದಿದ್ದಾನೆ.

ಈ ಬರಹಗಳಲ್ಲೆಲ್ಲ ಹರಿಗೋಲು ಹತ್ತಿದವರಿದ್ದಾರೆ, ಹರಿಗೋಲು ಕಟ್ಟಿದವರಿಲ್ಲ.

ಕಟ್ಟುವ ಕ್ರಮ

ಒಂದು ಹರಿಗೋಲು ಒಬ್ಬನ ಕಸುಬಲ್ಲ. ಬಿದಿರು ಸೀಳಿ ಹೆಣೆಯುವುದು ಮೇದಾರರ ಕುಲಕಸುಬು. ತೊಗಲು ಹದಮಾಡಿ ಹೊಲಿಯುವವರು ಬೇರೆ. ನೀರಿಗಿಳಿಸಿ ಹುಟ್ಟು ಹಾಕುವವರು ಅಂಬಿಗರು, ಕಬ್ಬಲಿಗರು. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಕಾಯಕವೂ ಇದೇ ಆಗಿತ್ತು. ಹೀಗೆ ಮೂರು ಕೈಗಳು ಸೇರಿದಾಗ ಮಾತ್ರ ಜನ ಹೊಳೆ ದಾಟುತ್ತಿದ್ದರು.

ಕೆಲಸ ಶುರುವಾಗುವುದು ಸಮತಟ್ಟಾದ ನೆಲದ ಮೇಲೆ. ನೆನೆದು ಮೆತ್ತಗಾದ ಬಿದಿರಿನ ಸೀಳುಗಳನ್ನು ಮೂರು ದಿಕ್ಕಿಗೆ ಹಾಯುವಂತೆ ಒಂದರ ಮೇಲೊಂದು ಹೆಣೆಯುತ್ತಾರೆ. ಸೀಳುಗಳ ನಡುವೆ ಜೇನುಗೂಡಿನಂತೆ ಆರು ಮೂಲೆಯ ಕಿಂಡಿಗಳು ಉಳಿಯುತ್ತವೆ. ತಳ ಸಾಕಷ್ಟು ಅಗಲವಾದ ಮೇಲೆ ಅದರ ಮೇಲೆ ಕಲ್ಲು ಹೇರಿ, ಅಂಚಿನಾಚೆ ಚಾಚಿದ ಸೀಳುಗಳನ್ನು ಮೇಲಕ್ಕೆ ಬಾಗಿಸುತ್ತಾರೆ. ಬಾಗಿದ ಸೀಳುಗಳನ್ನು ಸುತ್ತುಬರಿ ಹೆಣೆದಂತೆ ಗೋಡೆ ಏಳುತ್ತದೆ. ಕೊನೆಗೆ ಸೀಳುಗಳ ದಪ್ಪ ಕಂತೆಯನ್ನು ಬಳೆಯಂತೆ ಸುತ್ತಿ ಬಾಯಿ ಕಟ್ಟುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಈ ಬಾಯಿ. ಬಾಯಿ ಸಡಿಲವಾದರೆ ಬುಟ್ಟಿ ಭಾರಕ್ಕೆ ಅರಳಿಹೋಗುತ್ತದೆ.

ಹೊದಿಕೆ ಹಾಕುವುದು ಕೊನೆಯಲ್ಲಿ. ಹಿಂದೆ ಹೊಲಿದ ತೊಗಲುಗಳನ್ನು ಬುಟ್ಟಿಯ ಹೊರಮೈಗೆ ಎಳೆದು ಬಿಗಿಯುತ್ತಿದ್ದರು. ತೊಗಲಿನ ದೋಷವೆಂದರೆ ಸದಾ ನೀರಿನಲ್ಲಿದ್ದರೆ ಕೊಳೆಯುತ್ತದೆ. ಹಾಗಾಗಿ ಪ್ರತಿ ಸಲ ದಡಕ್ಕೆಳೆದು ಒಣಗಿಸಬೇಕು. ಇಪ್ಪತ್ತನೆಯ ಶತಮಾನದಲ್ಲಿ ತೊಗಲಿನ ಜಾಗಕ್ಕೆ ಡಾಂಬರು ಬಳಿದ ಬಟ್ಟೆ, ಆಮೇಲೆ ಪ್ಲಾಸ್ಟಿಕ್ ಚೀಲ, ಹಾಳೆಗಳು ಬಂದವು. ಈಗ ಹಲವೆಡೆ ಬಿದಿರೇ ಇಲ್ಲದ ಫೈಬರ್ ಹರಿಗೋಲುಗಳೂ ತೇಲುತ್ತಿವೆ. ಹೊದಿಕೆ ಬದಲಾದಾಗ ತೊಗಲಿನವರ ಕೈ ಬಿಟ್ಟಿತು. ಫೈಬರ್ ಬಂದಲ್ಲಿ ಹೆಣೆಯುವವರ ಕೈಯೂ ಬಿಡುತ್ತದೆ. ಉಳಿಯುವುದು ಹುಟ್ಟು ಹಾಕುವವನೊಬ್ಬನೇ.

ಸೇತುವೆ ಬಂತು, ಅಣೆಕಟ್ಟೂ ಬಂತು

1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲು ಹಳಿ ಕೃಷ್ಣೆಯನ್ನು ದಾಟಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಯಾದಗಿರಿ ಆ ದಾರಿಯ ಮೇಲಿನ ಊರು. ಮುಂದೆ ಭೀಮೆ ಕೃಷ್ಣೆಯರ ಮೇಲೆ ರಸ್ತೆ ಸೇತುವೆಗಳೂ ಬಂದವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಹಳೆಯದು. ಸೇತುವೆ ಬಂದಮೇಲಂತೂ ದಾಟುವ ಮೊದಲೂ ಅವನ ಹಂಗು ಬೇಕಿಲ್ಲ. ಹರಿಗೋಲು ಮೀನು ಹಿಡಿಯುವವರ ಪಾಲಿಗೆ ಉಳಿಯಿತು.

1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಸಿದ್ಧವಾಯಿತು. ಸುರಪುರ, ಶಹಾಪುರ ಸೀಮೆಯ ಒಣ ನೆಲಕ್ಕೆ ಕಾಲುವೆ ನೀರು ಹರಿಯಿತು. ಆದರೆ ಅಣೆಕಟ್ಟಿನ ಕೆಳಗೆ, ಹೊಳೆಯ ನಡುವಿನ ನಡುಗಡ್ಡೆಗಳಲ್ಲಿ ಬದುಕುವವರಿಗೆ ಹೊಸ ಚಿಂತೆ ಹುಟ್ಟಿತು. ಮೇಲೆಲ್ಲೋ ಮಳೆಯಾಗಿ ಇಲ್ಲಿ ಗೇಟು ತೆರೆದರೆ ದಾರಿ ಕಡಿದಂತೆಯೇ. 2009, 2019ರ ಪ್ರವಾಹಗಳು ಇದನ್ನೇ ತೋರಿಸಿದವು. 2020ರ ಅಕ್ಟೋಬರಿನಲ್ಲಿ ಭೀಮೆಯೂ ಉಕ್ಕಿದಳು.

ಕಕ್ಕೇರಾ ಬಳಿಯ ನೀಲಕಂಠರಾಯನ ಗಡ್ಡಿ ಅಂಥದೊಂದು ನಡುಗಡ್ಡೆ. 2014ರ ಜುಲೈ ಕೊನೆಯಲ್ಲಿ ಕೃಷ್ಣೆ ತುಂಬಿ ಹರಿಯುತ್ತಿದ್ದಾಗ, ಅಲ್ಲಿನ ತುಂಬು ಗರ್ಭಿಣಿಯೊಬ್ಬಳು ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆ ಮತ್ತು ಸೋದರರ ನೆರವಿನಿಂದ ಈಜಿ ದಡ ಸೇರಿದಳು. ಹೆರಿಗೆಗೆ ಊರಿನಲ್ಲಿ ಆಸರೆ ಇಲ್ಲ ಎಂಬ ಭಯವೇ ಆಕೆಯನ್ನು ಹೊಳೆಗಿಳಿಸಿತ್ತು. ಸುದ್ದಿ ದೇಶದಾಚೆಗೂ ಹಬ್ಬಿತು.

ಈ ಘಟನೆ ಹರಿಗೋಲಿನ ಮಿತಿಯನ್ನೂ ಹೇಳುತ್ತದೆ. ಉಕ್ಕಿದ ಹೊಳೆಗೆ ಬುಟ್ಟಿ ಉತ್ತರವಲ್ಲ; ಅಲ್ಲಿ ಬೇಕಾದದ್ದು ಸೇತುವೆ, ಆಸ್ಪತ್ರೆ. ಹರಿಗೋಲು ಉಳಿಯಲಿ ಎಂಬ ಹಂಬಲಕ್ಕೆ ನಡುಗಡ್ಡೆಯ ಜನ ಕಷ್ಟಪಡಬೇಕಿಲ್ಲ. ಉಳಿಯಬೇಕಾದದ್ದು ಕಟ್ಟುವ ತಿಳಿವಳಿಕೆ.

ಮಣ್ಣಿನ ಹಲಗೆಯ ಪಾಠ

ಇಂಥ ದುಂಡು ದೋಣಿ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಇರಾಕಿನ ಟೈಗ್ರಿಸ್, ಯೂಫ್ರೆಟಿಸ್ ನದಿಗಳಲ್ಲಿ ‘ಗುಫ್ಫ’ ಎಂಬ ದುಂಡು ದೋಣಿ ಇತ್ತು. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿನ ದುಂಡನೆಯ ತೊಗಲ ದೋಣಿಗಳ ಬಗ್ಗೆ ಬರೆದಿದ್ದಾನೆ. ಇಪ್ಪತ್ತನೆಯ ಶತಮಾನದಲ್ಲಿ ಗುಫ್ಫ ಬಳಕೆಯಿಂದ ಮರೆಯಾಯಿತು. ಆದರೆ ಅದಕ್ಕೆ ಮೊದಲೇ ಜೇಮ್ಸ್ ಹಾರ್ನೆಲ್ ಅದನ್ನು ಕಟ್ಟುವ ಕ್ರಮವನ್ನು ದಾಖಲಿಸಿದ್ದರು. ಮದ್ರಾಸ್ ಪ್ರಾಂತದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಹಾರ್ನೆಲ್ 1933ರಲ್ಲಿ ದಕ್ಷಿಣ ಭಾರತದ ಹರಿಗೋಲುಗಳ ಮೇಲೂ ಲೇಖನ ಬರೆದವರು.

2014ರಲ್ಲಿ ಬ್ರಿಟಿಷ್ ಮ್ಯೂಸಿಯಂನ ವಿದ್ವಾಂಸ ಇರ್ವಿಂಗ್ ಫಿಂಕೆಲ್ ಸುಮಾರು 3,700 ವರ್ಷ ಹಳೆಯ ಮಣ್ಣಿನ ಹಲಗೆಯೊಂದರ ಬರಹವನ್ನು ಪ್ರಕಟಿಸಿದರು. ಜಲಪ್ರಳಯದಿಂದ ಜೀವಗಳನ್ನು ಉಳಿಸಲು ದುಂಡು ದೋಣಿ ಕಟ್ಟು ಎಂದು ದೇವರು ಆಜ್ಞಾಪಿಸುವ ಕಥೆ ಅದು. ಕಥೆಯ ಜೊತೆಗೆ ಹಗ್ಗ ಎಷ್ಟು, ಅರಗು ಎಷ್ಟು ಎಂಬ ಲೆಕ್ಕವೂ ಅದರಲ್ಲಿದೆ. ಆ ಲೆಕ್ಕಗಳನ್ನು ಬಿಡಿಸಲು ಫಿಂಕೆಲ್‌ಗೆ ಹಾರ್ನೆಲ್ ಬರೆದಿಟ್ಟ ವಿವರಗಳು ನೆರವಾದವು. ಅದೇ ಅಳತೆಯನ್ನು ಚಿಕ್ಕದಾಗಿಸಿ ಕೇರಳದಲ್ಲಿ ಒಂದು ದೋಣಿಯನ್ನು ಕಟ್ಟಿ ತೇಲಿಸಲಾಯಿತು. ನೀರು ಒಳಗೆ ಜಿನುಗಿತು, ಆದರೂ ದೋಣಿ ತೇಲಿತು. ಬರೆದಿಟ್ಟದ್ದು ಎಷ್ಟು ದೂರ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಒಂದು ಅಡಿಯ ಹರಿಗೋಲು

ಜಗತ್ತಿನ ಹಲವೆಡೆ ಹಡಗಿನ ಮಾದರಿ ಕಟ್ಟುವುದು ಜನಪ್ರಿಯ ಹವ್ಯಾಸ. ಅಲ್ಲಿ ಹೊಸಬರು ಮೊದಲು ಅಡಿಮರ, ಆಮೇಲೆ ಪಕ್ಕೆಲುಬು, ಕೊನೆಗೆ ಹಲಗೆ ಎಂಬ ಕ್ರಮದಲ್ಲಿ ಕಲಿಯುತ್ತಾರೆ. ಮಾದರಿ ಕಟ್ಟಿದವನಿಗೆ ನಿಜವಾದ ಹಡಗಿನ ಒಳಗುಟ್ಟೂ ತಿಳಿಯುತ್ತದೆ. ಕೃಷ್ಣಾ-ಭೀಮಾ ತೀರದ ಹೊಸಬನಿಗೆ ಹರಿಗೋಲಿಗಿಂತ ಒಳ್ಳೆಯ ಮಾದರಿ ಸಿಗಲಾರದು. ಅದಕ್ಕೆ ಗರಗಸ, ಅಂಟು, ಮೊಳೆ ಯಾವುದೂ ಬೇಡ. ಬೇಕಾದದ್ದು ಒಂದು ಬಿದಿರು, ಒಂದು ಚಾಕು, ನೆನೆಹಾಕಲು ನೀರು, ಹೊದಿಸಲು ಮೇಣ ಬಳಿದ ಬಟ್ಟೆ.

ಹತ್ತು ಅಡಿಯ ಹರಿಗೋಲನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಒಂದು ಅಡಿ ಅಗಲದ ಬುಟ್ಟಿಯಾಗುತ್ತದೆ. ಅಳತೆ ಹತ್ತು ಪಟ್ಟು ಇಳಿದರೆ ಭಾರ ಸಾವಿರ ಪಟ್ಟು ಇಳಿಯುತ್ತದೆ. ಹಾಗಾಗಿ ಹದಿನೈದು ಮಂದಿಯ 900 ಕಿಲೊ ಇಲ್ಲಿ 900 ಗ್ರಾಂ ಜೋಳ. ಅಷ್ಟನ್ನು ಸಮನಾಗಿ ಹರಡಿದರೆ ಬುಟ್ಟಿ ಅರ್ಧ ಅಂಗುಲದಷ್ಟು ಇಳಿದು ಸ್ಥಿರವಾಗಿ ನಿಲ್ಲುತ್ತದೆ. ಅದೇ ಜೋಳವನ್ನು ಒಂದು ಬದಿಗೆ ಸರಿಸಿದರೆ ಆ ಬದಿಯ ಅಂಚು ನೀರಿಗೆ ಬಾಗುತ್ತದೆ. ಹರಿಗೋಲಿನಲ್ಲಿ ಎದ್ದು ನಿಲ್ಲಬೇಡಿ, ಒಂದೇ ಕಡೆ ಸರಿಯಬೇಡಿ ಎಂದು ಅಂಬಿಗ ಗದರುವುದೇಕೆಂದು ಶಾಲೆಯ ಮಗುವಿಗೂ ಆಗ ಅರ್ಥವಾದೀತು.

2009ರ ಡಿಸೆಂಬರಿನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಸುರಪುರದ ಚಿತ್ರಕಲೆ, ಶಹಾಪುರದ ಬೆಟ್ಟ, ಯಾದಗಿರಿಯ ಕೋಟೆ ಅದರ ಹೆಮ್ಮೆಯ ಪಟ್ಟಿಯಲ್ಲಿವೆ. ಹೊಳೆ ದಾಟಿಸಿದ ಬುಟ್ಟಿಗೂ ಅಲ್ಲಿ ಜಾಗ ಸಲ್ಲಬೇಕು. ಬಿದಿರು ಎಷ್ಟು ದಿನ ನೆನೆಯಬೇಕು, ಬಾಯಿ ಕಟ್ಟುವಾಗ ಎಷ್ಟು ಸುತ್ತು ಬೇಕು, ಪ್ರತಿ ಹೆಣಿಗೆಗೆ ಈ ತೀರದಲ್ಲಿ ಯಾವ ಹೆಸರಿದೆ ಎಂಬುದನ್ನು ಕಟ್ಟುವವರ ಮಾತಿನಲ್ಲೇ ಬರೆದುಕೊಳ್ಳಲು ಒಂದು ನೋಟ್‌ಬುಕ್ ಸಾಕು. ಅವರ ಎದುರಿಗೆ ಕುಳಿತು ಒಂದು ಅಡಿಯ ಹರಿಗೋಲು ಹೆಣೆಯಲು ಕಲಿತವನು ಹತ್ತು ಅಡಿಯದನ್ನೂ ಒಂದು ದಿನ ಕಟ್ಟಿಯಾನು.