ಬೇಸಿಗೆ ಇಂಟರ್ನ್‌ಶಿಪ್: ಶಿಷ್ಯವೇತನ ಬೇಕಿದ್ದರೆ ಚಳಿಗಾಲದಲ್ಲೇ ಅರ್ಜಿ

ರಾಮನಗರ: ಪರೀಕ್ಷೆ ಮುಗಿದ ಮೇಲೆ ಸರ್ಕಾರಿ ಸಂಸ್ಥೆಯೊಂದರಲ್ಲಿ ಎರಡು ತಿಂಗಳು ಕೆಲಸ ಕಲಿಯುವ ಅವಕಾಶ ಸಿಕ್ಕೀತೇ, ಸಿಕ್ಕರೆ ಕೈಗೆ ಒಂದಿಷ್ಟು ಹಣವೂ ಬಂದೀತೇ ಎಂಬ ವಿಚಾರಣೆ ಕಾಲೇಜುಗಳಲ್ಲಿ ಆರಂಭವಾಗುವುದು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ. ಆದರೆ ಅಷ್ಟರೊಳಗೆ ಪ್ರಮುಖ ಯೋಜನೆಗಳ ಆಯ್ಕೆಯೇ ಮುಗಿದಿರುತ್ತದೆ. ಬೇಸಿಗೆಯ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವ ಕಾಲ ದಸರಾದಿಂದ ಕ್ರಿಸ್‌ಮಸ್‌ವರೆಗಿನದು.

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯ ವಿದ್ಯಾರ್ಥಿಗಳಿಗೆ ಶಿಷ್ಯವೇತನದ ಪ್ರಶ್ನೆ ಗೌಣವಲ್ಲ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟ ಈ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರಿಡಲು 2025ರಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಆದರೂ ರಾಜಧಾನಿಯ ಕಚೇರಿಗಳು ನಾಲ್ಕೂ ಪಟ್ಟಣಗಳಿಂದ ಸುಮಾರು 50ರಿಂದ 60 ಕಿ.ಮೀ. ದೂರದಲ್ಲೇ ಇವೆ. ರಾಮನಗರ, ಚನ್ನಪಟ್ಟಣಗಳು ಬೆಂಗಳೂರು-ಮೈಸೂರು ರೈಲು ಮಾರ್ಗದಲ್ಲಿವೆ. ಕನಕಪುರ ಮತ್ತು ಮಾಗಡಿಯವರಿಗೆ ಬಸ್ಸೇ ಗತಿ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ವಿದ್ಯಾರ್ಥಿನಿಯರಿಗೆ ಸಾಮಾನ್ಯ ಸಾರಿಗೆ ಬಸ್ಸಿನ ಪ್ರಯಾಣ ಉಚಿತವಾಯಿತು. ಹುಡುಗರಿಗೆ ಆ ಖರ್ಚು ಉಳಿಯಿತು. ಊಟ, ವಸತಿಯ ವೆಚ್ಚ ಇಬ್ಬರಿಗೂ ಉಂಟು. ರಜೆಯಲ್ಲಿ ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಲ್ಲೋ ಮನೆಯ ರೇಷ್ಮೆ ಹುಳು ಸಾಕಣೆಯಲ್ಲೋ ದುಡಿದು ಮುಂದಿನ ವರ್ಷದ ಶುಲ್ಕ ಹೊಂದಿಸುವ ವಿದ್ಯಾರ್ಥಿಗೆ ವೇತನವಿಲ್ಲದ ತರಬೇತಿ ಎಂದರೆ ನೇರ ನಷ್ಟ.

ರಿಸರ್ವ್ ಬ್ಯಾಂಕಿನಲ್ಲಿ ತಿಂಗಳಿಗೆ 20 ಸಾವಿರ

ಹೆಸರಿಗೆ ತಕ್ಕ ಬೇಸಿಗೆ ತರಬೇತಿ ಭಾರತೀಯ ರಿಸರ್ವ್ ಬ್ಯಾಂಕಿನದು. ‘ಸಮ್ಮರ್ ಪ್ಲೇಸ್‌ಮೆಂಟ್’ ಎಂಬ ಈ ಯೋಜನೆಯಡಿ ದೇಶದಾದ್ಯಂತ ಗರಿಷ್ಠ 125 ವಿದ್ಯಾರ್ಥಿಗಳನ್ನು ಆಯ್ಕೆ ಮಾಡಲಾಗುತ್ತದೆ. ಶಿಷ್ಯವೇತನ ತಿಂಗಳಿಗೆ 20,000 ರೂ. ಅವಧಿ ಸಾಮಾನ್ಯವಾಗಿ ಏಪ್ರಿಲ್‌ನಿಂದ ಜುಲೈ ನಡುವೆ ಗರಿಷ್ಠ 3 ತಿಂಗಳು. ಅರ್ಜಿ ಅಕ್ಟೋಬರ್ ಮಧ್ಯದಲ್ಲಿ ಆರಂಭವಾಗಿ ಡಿಸೆಂಬರ್‌ನಲ್ಲಿ ಮುಗಿಯುತ್ತದೆ. ಸಂದರ್ಶನ ಜನವರಿ-ಫೆಬ್ರುವರಿಯಲ್ಲಿ, ಆಯ್ಕೆ ಪಟ್ಟಿ ಫೆಬ್ರುವರಿ-ಮಾರ್ಚ್‌ನಲ್ಲಿ.

ನಿರ್ವಹಣಾಶಾಸ್ತ್ರ, ಸಂಖ್ಯಾಶಾಸ್ತ್ರ, ವಾಣಿಜ್ಯ, ಅರ್ಥಶಾಸ್ತ್ರ, ಬ್ಯಾಂಕಿಂಗ್, ಹಣಕಾಸು, ಕಾನೂನು ವಿಷಯಗಳಲ್ಲಿ ಸ್ನಾತಕೋತ್ತರ ಅಥವಾ 5 ವರ್ಷಗಳ ಸಂಯೋಜಿತ ಕೋರ್ಸ್ ಓದುತ್ತಿರುವವರು ಹಾಗೂ 3 ವರ್ಷಗಳ ಪೂರ್ಣಾವಧಿ ಕಾನೂನು ಪದವಿಯ ವಿದ್ಯಾರ್ಥಿಗಳು ಅರ್ಹರು. ಅಂತಿಮ ವರ್ಷದ ಹಿಂದಿನ ವರ್ಷದಲ್ಲಿ ಇರುವವರಿಗೆ ಮಾತ್ರ ಅವಕಾಶ ಎಂಬುದು ಮುಖ್ಯ. ಎರಡು ವರ್ಷಗಳ ಎಂ.ಕಾಂ. ವಿದ್ಯಾರ್ಥಿ ಮೊದಲ ವರ್ಷದಲ್ಲೇ, ಅಂದರೆ ಕಾಲೇಜು ಸೇರಿದ ಕೆಲವೇ ತಿಂಗಳಲ್ಲಿ ಅರ್ಜಿ ಹಾಕಬೇಕಾಗುತ್ತದೆ. ರಾಮನಗರದ ಸ್ನಾತಕೋತ್ತರ ಕೇಂದ್ರ ಹಾಗೂ ಸರ್ಕಾರಿ ಕಾನೂನು ಕಾಲೇಜಿನ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವಿದು. ಓದುತ್ತಿರುವ ಸಂಸ್ಥೆ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಪ್ರಾದೇಶಿಕ ಕಚೇರಿಗೆ ಅರ್ಜಿ ಸಲ್ಲುತ್ತದೆ. ಕರ್ನಾಟಕದವರಿಗೆ ಬೆಂಗಳೂರಿನ ನೃಪತುಂಗ ರಸ್ತೆಯ ಕಚೇರಿ.

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವವರಿಗೆ ಈ ಬಾಗಿಲು ತೆರೆಯದು. ತಾಲ್ಲೂಕು ಕೇಂದ್ರಗಳ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇಂಥವರೇ ಹೆಚ್ಚು ಎಂಬುದು ಇಲ್ಲಿನ ತೊಡಕು.

ವಿದೇಶಾಂಗ ಸಚಿವಾಲಯ, ವಿಜ್ಞಾನ ಅಕಾಡೆಮಿಗಳು

ಕೇಂದ್ರ ವಿದೇಶಾಂಗ ಸಚಿವಾಲಯದ ಇಂಟರ್ನ್‌ಶಿಪ್ ನವದೆಹಲಿಯಲ್ಲಿ ನಡೆಯುತ್ತದೆ. ತಿಂಗಳಿಗೆ 10,000 ರೂ. ಗೌರವಧನದ ಜತೆಗೆ ಊರಿನಿಂದ ದೆಹಲಿಗೆ ಹೋಗಿ ಬರುವ ವಿಮಾನ ದರವನ್ನೂ ಸಚಿವಾಲಯ ಭರಿಸುತ್ತದೆ. ಪದವಿ ಪಡೆದವರು ಮತ್ತು ಇಂಟರ್ನ್‌ಶಿಪ್ ಕಡ್ಡಾಯವಾಗಿರುವ ಕೋರ್ಸ್‌ಗಳ ಅಂತಿಮ ವರ್ಷದ ವಿದ್ಯಾರ್ಥಿಗಳು ಅರ್ಜಿ ಸಲ್ಲಿಸಬಹುದು. ವಯೋಮಿತಿ 25 ವರ್ಷ. ದೆಹಲಿಯ ವಸತಿ ಖರ್ಚನ್ನು ಮಾತ್ರ ಅಭ್ಯರ್ಥಿಯೇ ನೋಡಿಕೊಳ್ಳಬೇಕು.

ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ ದಾರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿ ಹಾಗೂ ಪ್ರಯಾಗ್‌ರಾಜ್‌ನ ಅಕಾಡೆಮಿಗಳೊಂದಿಗೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಸುಮಾರು 2 ತಿಂಗಳಿನದು. ಆಯ್ಕೆಯಾದವರು ಹಿರಿಯ ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾರೆ, ಶಿಷ್ಯವೇತನ ಉಂಟು. ಅಧ್ಯಾಪಕರ ಶಿಫಾರಸು ಪತ್ರ ಹಾಗೂ ತಾನೇನು ಮಾಡಬಯಸುತ್ತೇನೆ ಎಂದು ಅಭ್ಯರ್ಥಿಯೇ ಬರೆದ ಕಿರು ಟಿಪ್ಪಣಿ ಅಗತ್ಯ. ಅರ್ಜಿ ಹಾಕಬೇಕಾದದ್ದು ಹಿಂದಿನ ವರ್ಷದ ನವೆಂಬರ್ ಸುಮಾರಿಗೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇಂಥದೇ ಫೆಲೋಶಿಪ್ ನೀಡುತ್ತದೆ.

ಹೆಸರು ದೊಡ್ಡದು, ವೇತನವಿಲ್ಲ

ಸರ್ಕಾರಿ ಇಂಟರ್ನ್‌ಶಿಪ್ ಎಂದೊಡನೆ ಹಣ ಸಿಗುತ್ತದೆಂದು ಭಾವಿಸುವಂತಿಲ್ಲ. ನೀತಿ ಆಯೋಗದ ಇಂಟರ್ನ್‌ಶಿಪ್ ವೇತನರಹಿತ. ಇಸ್ರೊ ಸಂಸ್ಥೆಯ ವಿದ್ಯಾರ್ಥಿ ತರಬೇತಿಗೂ ಆರ್ಥಿಕ ನೆರವಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸ್ವಚ್ಛ ಭಾರತ ಬೇಸಿಗೆ ಇಂಟರ್ನ್‌ಶಿಪ್‌ನಲ್ಲಿ ಹಳ್ಳಿಗಳಲ್ಲಿ 100 ಗಂಟೆ ದುಡಿದವರಿಗೆ ದೊರೆತದ್ದು ಪ್ರಮಾಣಪತ್ರ ಮತ್ತು ಶೈಕ್ಷಣಿಕ ಅಂಕದ ಅವಕಾಶ. ರಾಷ್ಟ್ರಮಟ್ಟದಲ್ಲಿ 2 ಲಕ್ಷ ರೂ. ಪ್ರಥಮ ಬಹುಮಾನವಿತ್ತು. ಆದರೆ ಬಹುಮಾನ ಬೇರೆ, ದುಡಿದವರಿಗೆಲ್ಲ ಸಲ್ಲುವ ವೇತನ ಬೇರೆ.

ಈ ಜಿಲ್ಲೆಯ ಹಳ್ಳಿಗಳಿಗೆ ಬರುವ ತರಬೇತಿಯೊಂದು ಇದಕ್ಕೆ ಅಪವಾದ. ಕೃಷಿ ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಗಳು ರೈತರ ನಡುವೆ ವಾಸಿಸಿ ಕಲಿಯುವ ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮವದು. ಇದನ್ನು ಒಳಗೊಂಡ ‘ಸ್ಟೂಡೆಂಟ್ ರೆಡಿ’ ಯೋಜನೆಗೆ 2015ರ ಜುಲೈ 25ರಂದು ಚಾಲನೆ ದೊರೆಯಿತು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಇದಕ್ಕೆ ತಿಂಗಳಿಗೆ 3,000 ರೂ. ಶಿಷ್ಯವೇತನ ನಿಗದಿಪಡಿಸಿತು. ಇದು ಬೇಸಿಗೆ ರಜೆಗೆ ಸೀಮಿತವಲ್ಲ, ಪಠ್ಯಕ್ರಮದ ಭಾಗ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯಲ್ಲಿದೆ.

ಪದವಿ ಮುಗಿದವರಿಗೆ

ವಿದ್ಯಾರ್ಥಿಗಳು ಹೆಚ್ಚಾಗಿ ಗೊಂದಲಕ್ಕೊಳಗಾಗುವುದು ಇಲ್ಲಿ. ಕೆಳಗಿನವು ಓದುತ್ತಿರುವಾಗ ರಜೆಯಲ್ಲಿ ಮಾಡುವಂಥವಲ್ಲ.

* ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ: 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ 21ರಿಂದ 24 ವರ್ಷದವರಿಗೆ 12 ತಿಂಗಳು, ಮಾಸಿಕ 5,000 ರೂ. ಹಾಗೂ ಒಂದು ಬಾರಿ 6,000 ರೂ. ಎಂದು ನಿಗದಿಯಾಗಿತ್ತು. ಪೂರ್ಣಾವಧಿ ಓದುತ್ತಿರುವವರಿಗೆ ಅವಕಾಶವಿರಲಿಲ್ಲ. ತರಬೇತಿ ನಡೆಯುವುದು ದೊಡ್ಡ ಕಂಪನಿಗಳಲ್ಲಿ, ಸರ್ಕಾರಿ ಕಚೇರಿಯಲ್ಲಲ್ಲ.

* ಅಪ್ರೆಂಟಿಸ್ ತರಬೇತಿ: 1961ರ ಕಾಯ್ದೆಯಡಿ ನಡೆಯುವಂಥದು. 2019ರ ನಿಯಮ ತಿದ್ದುಪಡಿಯಲ್ಲಿ ಪದವೀಧರರಿಗೆ ಕನಿಷ್ಠ 9,000 ರೂ., ಡಿಪ್ಲೊಮಾದವರಿಗೆ 8,000 ರೂ. ನಿಗದಿಯಾಯಿತು. ಬೆಂಗಳೂರಿನ ಎಚ್‌ಎಎಲ್, ಬಿಇಎಲ್‌ನಂಥ ಸಾರ್ವಜನಿಕ ಉದ್ಯಮಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ.

* ಟುಲಿಪ್: ನಗರಸಭೆ, ಪುರಸಭೆಗಳಲ್ಲಿ ತರಬೇತಿ ನೀಡಲು ಕೇಂದ್ರವು 2020ರ ಜೂನ್‌ನಲ್ಲಿ ಆರಂಭಿಸಿದ ಯೋಜನೆ. ಪದವಿ ಮುಗಿಸಿ 18 ತಿಂಗಳು ಮೀರದವರಿಗಾಗಿ ರೂಪಿಸಲಾಗಿತ್ತು.

* ಯುವನಿಧಿ: ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಜಾರಿಗೊಳಿಸಿದ ಇದು ನಿರುದ್ಯೋಗ ಭತ್ಯೆ, ಇಂಟರ್ನ್‌ಶಿಪ್ ಅಲ್ಲ.

ಈಗಲೇ ಮಾಡಬೇಕಾದ್ದು

ಸೆಪ್ಟೆಂಬರ್‌ನಲ್ಲಿ ಅಂಕಪಟ್ಟಿ, ಗುರುತಿನ ಚೀಟಿ ಮತ್ತು ತಮ್ಮ ಹೆಸರಿನ ಬ್ಯಾಂಕ್ ಖಾತೆಯನ್ನು ಸಿದ್ಧವಿಟ್ಟುಕೊಳ್ಳಬೇಕು. ಅಕ್ಟೋಬರ್‌ನಲ್ಲಿ ಅಧ್ಯಾಪಕರಿಂದ ಶಿಫಾರಸು ಪತ್ರ ಕೇಳಬೇಕು. ಕಡೆಯ ದಿನ ಕೇಳಿದರೆ ಒಳ್ಳೆಯ ಪತ್ರ ದೊರೆಯದು. ತರಬೇತಿಯ ಅವಧಿ ಸೆಮಿಸ್ಟರ್ ಪರೀಕ್ಷೆಯ ಜತೆ ಘರ್ಷಿಸುವ ಸಾಧ್ಯತೆ ಇರುವುದರಿಂದ ಪ್ರಾಂಶುಪಾಲರೊಂದಿಗೆ ಮೊದಲೇ ಮಾತನಾಡುವುದು ಒಳಿತು. ಅರ್ಹತೆ, ಮೊತ್ತ ಮತ್ತು ದಿನಾಂಕಗಳನ್ನು ಆಯಾ ವರ್ಷದ ಅಧಿಕೃತ ಪ್ರಕಟಣೆಯಲ್ಲಿ ಖಚಿತಪಡಿಸಿಕೊಳ್ಳಬೇಕು.

ಸರ್ಕಾರಿ ಇಂಟರ್ನ್‌ಶಿಪ್ ಕೊಡಿಸುತ್ತೇವೆಂದು ನೋಂದಣಿ ಶುಲ್ಕ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು. ಇಂಟರ್ನ್‌ಶಿಪ್ ಮುಗಿಸಿದ ಮಾತ್ರಕ್ಕೆ ಸರ್ಕಾರಿ ನೌಕರಿಯ ಹಕ್ಕೂ ಬರುವುದಿಲ್ಲ. ಆದರೆ ವೇತನ ಸಹಿತ ಅವಕಾಶ ದೊರೆತರೆ ಆ ಬೇಸಿಗೆಯಲ್ಲಿ ಕಲಿಕೆಗಾಗಿ ದುಡಿಮೆ ಬಿಡಬೇಕಾಗಿಲ್ಲ, ದುಡಿಮೆಗಾಗಿ ಕಲಿಕೆಯನ್ನೂ ಬಿಡಬೇಕಾಗಿಲ್ಲ. ಅದಕ್ಕೆ ಬೇಕಾದ ಮೊದಲ ಅರ್ಹತೆ, ಅಕ್ಟೋಬರ್‌ನಲ್ಲೇ ವಿಷಯ ತಿಳಿದಿರುವುದು.